20ರವರೆಗೆ ಎಣಿಸಿದ ಮಗು 5 ಮುಚ್ಚಳ ಕೊಡಲಿಲ್ಲ

ನನ್ನ ಕೆಲಸ ಏನು ಅಂದರೆ, ಸರ್ಕಾರಿ ಪ್ರೀ-ಸ್ಕೂಲ್ ತರಗತಿಗಳಿಗೆ ಹೋಗುವುದು, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂರುವುದು, ಕೈಯಲ್ಲೊಂದು ಫಾರ್ಮ್ ಹಿಡಿದು ಮಕ್ಕಳನ್ನೂ ಟೀಚರನ್ನೂ ನೋಡುವುದು. ಆ ಫಾರ್ಮ್ ಮಾಡಿದವಳು ನಾನೇ. ಈ ಕಥೆಯಲ್ಲಿ ತಪ್ಪು ಮಾಡಿದ್ದೂ ನಾನೇ.

‘ಈ ಮಗು ಶಾಲೆಗೆ ತಯಾರಾ?’ ಅಂತ ತಿಳಿಯಲು 12 ಅಂಶಗಳ ಪಟ್ಟಿ ಬೇಕು ಅಂದರು. ಯಾರು ಹೋಗಿ ನೋಡಿದರೂ ಒಂದೇ ಉತ್ತರ ಬರಬೇಕು, ಹೌದು ಅಥವಾ ಇಲ್ಲ, ಅಷ್ಟೇ. ಹಾಗಾಗಿ ಸುಲಭವಾಗಿ ಅಳೆಯಲು ಆಗುವುದನ್ನೇ ಹಾಕಿದೆ. ಎಷ್ಟು ಅಕ್ಷರ ಗುರುತಿಸುತ್ತದೆ, 20ರವರೆಗೆ ಹೇಳುತ್ತದಾ, ಬಣ್ಣ ಗೊತ್ತಾ, ಹೆಸರು ಬರೆಯುತ್ತದಾ. ಮೊದಲ ವರ್ಷ ಅಂಕ ಕಡಿಮೆ ಬಂತು. ಎರಡನೇ ವರ್ಷ ಜಿಗಿಯಿತು. ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿಕೊಂಡೆ.

ಆಮೇಲೆ ಒಂದನೇ ಕ್ಲಾಸಿನ ಟೀಚರ್ ಒಬ್ಬರು ಸಿಕ್ಕರು. “ಮೇಡಂ, ನೀವು ಕಳಿಸೋ ಮಕ್ಕಳಿಗೆ ಅಕ್ಷರ ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಪುಸ್ತಕ ಬ್ಯಾಗಲ್ಲಿಟ್ಟು ಬಾಗಿಲ ಹತ್ರ ಬನ್ನಿ ಅಂದ್ರೆ, ಅರ್ಧ ಜನ ಪುಸ್ತಕ ಇಟ್ಟು ನನ್ನ ಮುಖ ನೋಡ್ತಾ ಕೂತಿರ್ತಾರೆ” ಅಂದರು. ನನಗೆ ಕೋಪ ಬಂತು. ಅಂಕ ಇದೆಯಲ್ಲ, ಇವರದ್ದೇನು ತಕರಾರು ಅಂತ.

ಆದರೂ ಮುಂದಿನ ವಾರ ಒಂದು ಡಬ್ಬಿ ತುಂಬ ಬಾಟಲಿ ಮುಚ್ಚಳ ತುಂಬಿಕೊಂಡು ಪ್ರೀ-ಸ್ಕೂಲಿಗೆ ಹೋದೆ. ಒಬ್ಬಳು ಉಸಿರು ಬಿಡದೆ 20ರವರೆಗೆ ಹೇಳಿದಳು. ಪಟ್ಟಿಯ ಪ್ರಕಾರ ಪಾಸ್. “ನಂಗೆ ಐದು ಮುಚ್ಚಳ ಕೊಡ್ತೀಯಾ?” ಅಂದೆ. ಎರಡೂ ಕೈಯಲ್ಲಿ ಬಾಚಿ ನನ್ನ ಮಡಿಲಿಗೆ ಸುರಿದಳು, ಬಹಳ ಖುಷಿಯಿಂದ. ಒಂದು, ಎರಡು, ಮೂರು ಅನ್ನುವುದು ಅವಳಿಗೆ ಒಂದು ಹಾಡು. ಎಣಿಸುವಾಗ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನುವುದನ್ನು ಹೇಳುತ್ತದೆ ಅನ್ನುವುದು ಬೇರೆಯೇ ತಿಳಿವಳಿಕೆ. ಹಾಡು ಬಾಯಿಗೆ ಬಂದ ಎಷ್ಟೋ ತಿಂಗಳ ಮೇಲೆ ಅದು ಹತ್ತುತ್ತದೆ. ಟೀಚರಿನದ್ದು ತಪ್ಪಲ್ಲ. ಪಟ್ಟಿಯಲ್ಲಿ ಇದ್ದದ್ದನ್ನು ಅವರು ಕಲಿಸಿದ್ದರು, ಬೆಳಗ್ಗೆಯೆಲ್ಲ ಕೋರಸ್‌ನಲ್ಲಿ ಹೇಳಿಸಿ ಹೇಳಿಸಿ.

ಇದನ್ನೆಲ್ಲ ನಾನು ಓದಿಯೇ ಈ ಕೆಲಸಕ್ಕೆ ಬಂದವಳು, ನಾಚಿಕೆ ಆಗುವುದು ಅದಕ್ಕೆ. ಅಮೆರಿಕದ ಮಿಷಿಗನ್‌ನಲ್ಲಿ 1962ರಿಂದ 1967ರವರೆಗೆ 123 ಮಕ್ಕಳ ಮೇಲೆ ನಡೆದ ಪೆರಿ ಪ್ರೀ-ಸ್ಕೂಲ್ ಅಧ್ಯಯನ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ದಿನಕ್ಕೆ ಎರಡೂವರೆ ಗಂಟೆ ತರಗತಿ, ಜೊತೆಗೆ ಟೀಚರ್ ವಾರಕ್ಕೊಮ್ಮೆ ಮಗುವಿನ ಮನೆಗೇ ಹೋಗುತ್ತಿದ್ದರು. ಐಕ್ಯೂ ಅಂಕದಲ್ಲಿ ಸಿಕ್ಕ ಲಾಭ ಕೆಲವೇ ವರ್ಷದಲ್ಲಿ ಕರಗಿಹೋಯಿತು. ಆದರೆ 40ನೇ ವಯಸ್ಸಿನಲ್ಲಿ ನೋಡಿದಾಗ ಅಲ್ಲಿ ಕಲಿತವರ ಸಂಪಾದನೆ ಕಲಿಯದವರಿಗಿಂತ ಜಾಸ್ತಿ ಇತ್ತು, ಪೊಲೀಸರ ಕೈಗೆ ಸಿಕ್ಕಿದ್ದು ಕಡಿಮೆ. ಅಮೆರಿಕದ್ದೇ ಟೆನೆಸ್ಸೀ ರಾಜ್ಯದ ಅಧ್ಯಯನ ಇದಕ್ಕೆ ಉಲ್ಟಾ. ಲಾಟರಿ ಎತ್ತಿ ಸೀಟು ಕೊಟ್ಟ ಆ ಸರ್ಕಾರಿ ಯೋಜನೆಯಲ್ಲಿ 2,990 ಮಕ್ಕಳನ್ನು ಹಿಂಬಾಲಿಸಿದರು. ಪ್ರೀ-ಸ್ಕೂಲ್ ಮುಗಿಯುವಾಗ ಹೋದವರೇ ಮುಂದಿದ್ದರು. 2022ರಲ್ಲಿ ಬಂದ ವರದಿ ಪ್ರಕಾರ 6ನೇ ತರಗತಿಗೆ ಬರುವ ಹೊತ್ತಿಗೆ ಅದೇ ಮಕ್ಕಳು ಸೀಟು ಸಿಗದವರಿಗಿಂತ ಪರೀಕ್ಷೆಯಲ್ಲೂ ನಡವಳಿಕೆಯಲ್ಲೂ ಹಿಂದೆ ಬಿದ್ದಿದ್ದರು. ಯಾಕೆ ಅನ್ನುವುದರ ಬಗ್ಗೆ ಜಗಳ ಇನ್ನೂ ನಡೆಯುತ್ತಿದೆ. ನಾನು ಯಾವ ಪಕ್ಷವನ್ನೂ ಹಿಡಿಯುವುದಿಲ್ಲ, ಆದರೆ ವರ್ಷದ ಕೊನೆಯ ಅಂಕ ನೋಡಿ ಚಪ್ಪಾಳೆ ತಟ್ಟುವ ಮೊದಲು ಒಂದು ನಿಮಿಷ ಸುಮ್ನೆ ಕೂರಬೇಕಿತ್ತು ಅಲ್ವಾ?

ಈಗ ನಾನು ಜಾಸ್ತಿ ನೋಡುವುದು ಮಾತನ್ನು. ಮಗು ಒಂದು ಮಾತು ಹೇಳಿದರೆ ಟೀಚರ್ ಅದನ್ನು ಹಿಡಿದು ಎಷ್ಟು ಸುತ್ತು ಮುಂದುವರಿಸುತ್ತಾರೆ ಅಂತ. ಬ್ಲಾಕು ಬಿತ್ತು ಅಂತ ಮಗು ಹೇಳುತ್ತದೆ. “ಹೌದಾ, ಎತ್ತಿಡು” ಅಂದರೆ ಅಲ್ಲಿಗೇ ಮುಗಿಯಿತು. “ಯಾಕೆ ಬಿತ್ತು?” ಅಂತ ಕೇಳಿ ಕಾದರೆ, ಕೆಳಗಿಂದು ಚಿಕ್ಕದಿತ್ತು, ಮೇಲಿಂದು ದಪ್ಪ ಇತ್ತು, ಅವನು ತಳ್ಳಿದ, ಇಲ್ಲ ನಾನೇ ತಳ್ಳಿದೆ ಅಂತ ಒಂದೊಂದೇ ಹೊರಗೆ ಬರುತ್ತದೆ. ಕಷ್ಟ ಇರುವುದು ಆ ಕಾಯುವುದರಲ್ಲೇ. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡ್ ಅಂದರೆ ಎಷ್ಟು ಉದ್ದ ಅಂತ ತಿಳಿಯಬೇಕಾದರೆ 25 ಮಕ್ಕಳ ಮುಂದೆ ನಿಂತು ಬಾಯಿ ಮುಚ್ಚಿಕೊಂಡು ನೋಡಿ. ನಾನು ತರಬೇತಿಯಲ್ಲಿ ಮಾಡಿ ತೋರಿಸಲು ಹೋಗಿ ಎರಡನೇ ಸೆಕೆಂಡಿಗೇ ಉತ್ತರ ನಾನೇ ಹೇಳಿಬಿಟ್ಟಿದ್ದೆ. ಎಲ್ಲರೂ ನಕ್ಕರು.

ಇನ್ನೊಂದು ವಿಷಯ, ಇದನ್ನು ಬರೆಯಲು ಇಷ್ಟ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಒಬ್ಬ ಹುಡುಗನಿಗೆ 12ಕ್ಕೆ 4 ಬಂದಿತ್ತು. ಒಂದು ಶಾಲೆಯವರು ಆ ಹಾಳೆ ನೋಡಿ, ಇನ್ನೂ ತಯಾರಾಗಿಲ್ಲ, ಮುಂದಿನ ವರ್ಷ ಕರೆದುಕೊಂಡು ಬನ್ನಿ ಅಂತ ಅಪ್ಪ ಅಮ್ಮನನ್ನು ವಾಪಸ್ ಕಳಿಸಿದರು. ಯಾವ ಮಗುವಿಗೆ ಶಾಲೆ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅದಕ್ಕೇ ನನ್ನ ಹಾಳೆ ಬಾಗಿಲು ಹಾಕಿಸಿತು. ಯುನಿಸೆಫ್ ಶಾಲಾ ತಯಾರಿ ಅನ್ನುವಾಗ ಮೂರು ಮಾತು ಹೇಳುತ್ತದೆ: ಮಗು ತಯಾರಿರಬೇಕು, ಮನೆ ತಯಾರಿರಬೇಕು, ಶಾಲೆಯೂ ತಯಾರಿರಬೇಕು. ನನ್ನ 12 ಅಂಶವೂ ಮೊದಲನೆಯದರ ಮೇಲೇ ಇತ್ತು.

ಹೊಸ ಫಾರ್ಮಿನಲ್ಲಿ ಒಟ್ಟು ಅಂಕದ ಕಾಲಂ ತೆಗೆಸಿದೆ. ಸುಲಭಕ್ಕೆ ಒಪ್ಪಲಿಲ್ಲ, ಮೇಲಿನವರಿಗೆ ಒಂದು ಮಗುವಿಗೆ ಒಂದು ನಂಬರ್ ಬೇಕೇ ಬೇಕು. ಅದರ ಜಾಗದಲ್ಲಿ ಒಂದು ಖಾಲಿ ಸಾಲು ಬಿಟ್ಟಿದ್ದೇನೆ. ಒಂದನೇ ಕ್ಲಾಸಿನ ಟೀಚರ್ ತುಂಬಬೇಕು: ‘ಈ ಮಗುವಿಗಾಗಿ ಮೊದಲ ತಿಂಗಳು ನಾನು ಏನು ಮಾಡುತ್ತೇನೆ?’ ಜಾಸ್ತಿ ಜನ ಅದನ್ನು ಖಾಲಿಯೇ ಬಿಡುತ್ತಾರೆ. ಮೊನ್ನೆ ಬಂದ ಒಂದು ಹಾಳೆಯಲ್ಲಿ ಮಾತ್ರ ಪೆನ್ಸಿಲಿನಲ್ಲಿ ಹೀಗೆ ಬರೆದಿತ್ತು: “ಕಿಟಕಿ ಪಕ್ಕ ಕೂರಿಸ್ತೀನಿ. ಅಮ್ಮ ಗೇಟ್ ದಾಟೋದು ಕಂಡ್ರೆ ಅಳು ಬೇಗ ನಿಲ್ಲುತ್ತೆ.”