ಬೀಜಕ್ಕೆ ಬಿಡುವ ಕ್ಯಾರೆಟ್ಟನ್ನು ಒಮ್ಮೆ ಕಿತ್ತು ನೋಡಲೇಬೇಕು

ತರಕಾರಿ ಬೀಜದ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲು ಹೇಳಿಕೊಡುವ ಮಾತು ಇದು. ಮಡಿಯಲ್ಲಿ ನಾಲ್ಕಾರು ಗಿಡ ಹಾಗೇ ಬಿಟ್ಟು, ಹೂವಾಗಿ ಒಣಗಿದ ಮೇಲೆ ಉದುರಿಸಿಕೊಂಡರೆ ಬೀಜವೇನೋ ಸಿಗುತ್ತದೆ, ತಳಿ ಉಳಿಯುವುದಿಲ್ಲ. ಬಿಳಿ ತಿರುಳಿನ ಗೆಡ್ಡೆ, ಕಹಿ ಗೆಡ್ಡೆ, ಒಳ್ಳೆಯ ಗೆಡ್ಡೆ ಎಲ್ಲಕ್ಕೂ ಮೇಲೆ ಕಾಣುವ ಸೊಪ್ಪು ಒಂದೇ.

ಕ್ಯಾರೆಟ್ ಎರಡು ಹಂಗಾಮಿನ ಬೆಳೆ. ಮೊದಲು ಗೆಡ್ಡೆ, ನಡುವೆ ಚಳಿ, ಆಮೇಲೆ ಹೂ. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪು ಎರಡು ತಿಂಗಳಾದರೂ ಸಿಗದಿದ್ದರೆ ಬಹಳಷ್ಟು ತಳಿಗಳು ಹೂದಂಟು ಎತ್ತುವುದೇ ಇಲ್ಲ. ಮೊದಲ ಹಂಗಾಮಿನಲ್ಲೇ ಅವಸರಪಟ್ಟು ಹೂದಂಟು ಎತ್ತಿದ ಗಿಡವನ್ನು ಹೂ ಅರಳುವ ಮುಂಚೆಯೇ ಕಿತ್ತೆಸೆಯಬೇಕು. ಅದರ ಬೀಜ ಸುಲಭಕ್ಕೆ ಕೈಗೆ ಸಿಗುವುದರಿಂದಲೇ ಜನ ಎತ್ತಿಟ್ಟುಕೊಳ್ಳುತ್ತಾರೆ, ಬೇಗ ಹೂ ಬಿಡುವ ಗಿಡದ ಆ ಚಾಳಿ ಮುಂದಿನ ಪೀಳಿಗೆಗೂ ಇಳಿಯುತ್ತದೆ.

ಎಷ್ಟು ಗೆಡ್ಡೆ ಬೇಕು? ಕೊನೆಗೆ ನೆಡುವುದಕ್ಕೆ ನೂರರಷ್ಟಾದರೂ ಇರಲಿ. ಜಾಗವಿಲ್ಲದಿದ್ದರೂ ನಲವತ್ತಕ್ಕಿಂತ ಕೆಳಗಿಳಿಯಬೇಡಿ. ನಾಲ್ಕೈದು ಗೆಡ್ಡೆಯಿಂದ ಬೀಜ ಮಾಡುತ್ತ ಹೋದರೆ ಕೆಲವೇ ಪೀಳಿಗೆಗಳಲ್ಲಿ ಗಿಡ ಸೊರಗಿ, ಗೆಡ್ಡೆ ಸಣ್ಣಗಾಗುತ್ತದೆ. ನೂರು ಆರಿಸಬೇಕೆಂದರೆ ಮುನ್ನೂರು ಬೆಳೆಯಬೇಕು.

ಕಿತ್ತ ಗೆಡ್ಡೆಗಳನ್ನೆಲ್ಲ ಸಾಲಾಗಿ ಹರಡಿ, ತೊಳೆಯದೆ ಮಣ್ಣು ಕೊಡವಿ ನೋಡಿ. ಇಲ್ಲಿ ಮಣ್ಣಿನ ತಪ್ಪು ಯಾವುದು, ಗಿಡದ ಗುಣ ಯಾವುದು ಎಂದು ಬೇರೆ ಮಾಡುವುದೇ ನಿಜವಾದ ಕಸುಬು. ಕಲ್ಲು ತಗುಲಿದರೆ, ಹಸಿ ಗೊಬ್ಬರ ಬಿದ್ದಿದ್ದರೆ, ಬೇರುಗಂಟಿನ ಜಂತುಹುಳು ಇದ್ದರೆ ಒಳ್ಳೆಯ ತಳಿಯೂ ಕವಲೊಡೆಯುತ್ತದೆ. ಒಣಗಿದ ನೆಲಕ್ಕೆ ಒಮ್ಮೆಲೇ ನೀರು ಸಿಕ್ಕಿದರೆ ಸೀಳುತ್ತದೆ. ಇಡೀ ಸಾಲೇ ಹಾಗಾಗಿದ್ದರೆ ದೋಷ ನೆಲದ್ದು. ಅಕ್ಕಪಕ್ಕದವು ನೆಟ್ಟಗಿದ್ದು ಅಲ್ಲೊಂದು ಇಲ್ಲೊಂದು ಕೆಟ್ಟಿದ್ದರೆ ಅವನ್ನು ತೆಗೆದುಹಾಕಿ. ಎಲ್ಲಕ್ಕಿಂತ ದಪ್ಪನೆಯದನ್ನೇ ಹುಡುಕುವ ಆಸೆಯೂ ಬೇಡ. ಸುತ್ತ ಗಿಡ ಸತ್ತು ಜಾಗ ಸಿಕ್ಕಿದ ಗೆಡ್ಡೆ ದಪ್ಪಗಾಗುವುದು ಸಹಜ. ತಳಿಯ ಆಕಾರಕ್ಕೆ ತಕ್ಕಂತಿರುವ, ನುಣ್ಣಗಿನ ನಡುಗಾತ್ರದವೇ ಸಾಕು.

ಆಮೇಲೆ ಚಾಕು. ಗೆಡ್ಡೆಯ ಕೆಳತುದಿಯಿಂದ ಕಾಲು ಭಾಗ ಅಡ್ಡಕ್ಕೆ ಕತ್ತರಿಸಿ. ನಡುವಿನ ತಿರುಳು ಸಣ್ಣಗಿದ್ದು, ಅದರ ಬಣ್ಣ ಹೊರಗಿನ ಸುತ್ತಿಗೆ ಹೊಂದಿಕೊಂಡಿರಬೇಕು. ಕಿತ್ತಳೆ ತಳಿಯಲ್ಲಿ ತಿರುಳು ಹಳದಿಯಾಗಿಯೋ ಬಿಳಿಚಿಕೊಂಡೋ ಇದ್ದರೆ ತೆಗೆದುಹಾಕಿ. ಕತ್ತರಿಸಿದ ಚೂರನ್ನು ಒರೆಸಿ ಅಗಿದು ನೋಡಿ. ಸಿಹಿ ಮೊದಲು ಬಂದು, ಆಮೇಲೆ ನಾಲಿಗೆಯ ಹಿಂಬದಿಯಲ್ಲಿ ಸೀಮೆಎಣ್ಣೆಯಂಥ ಘಾಟು ಉಳಿಯುವವು ಬೇಡ. ಹತ್ತು ಹದಿನೈದು ತಿಂದಮೇಲೆ ನಾಲಿಗೆ ಸೋಲುತ್ತದೆ, ಬಾಯಿ ಮುಕ್ಕಳಿಸಿ ಬಿಡುವು ಕೊಡಿ. ಕೊಯ್ದ ಗಾಯ ಒಂದೆರಡು ದಿನ ನೆರಳಿನಲ್ಲಿ ಒಣಗದಿದ್ದರೆ ಅಲ್ಲಿಂದಲೇ ಕೊಳೆ ಶುರು.

ಚಳಿಗೆ ಇಡುವ ಮುಂಚೆ ಸೊಪ್ಪನ್ನು ಎರಡು ಬೆರಳಗಲ ಬಿಟ್ಟು ಕತ್ತರಿಸಿ. ನಡುವಿನ ಸುಳಿಗೆ ಪೆಟ್ಟಾದರೆ ಹೂದಂಟು ಸರಿಯಾಗಿ ಬಾರದು. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆಯಾದ ಮರಳಿನಲ್ಲಿ, ಒಂದಕ್ಕೊಂದು ತಾಗದಂತೆ ಪದರ ಪದರವಾಗಿ ಜೋಡಿಸಿ, 0–2 ಡಿಗ್ರಿಯಲ್ಲಿ ಇಡಬೇಕು. ವಾರಕ್ಕೊಮ್ಮೆ ತೆರೆದು, ಬಿಳಿ ಹತ್ತಿಯಂಥ ಬೂಷ್ಟು ಕಂಡ ಗೆಡ್ಡೆಯನ್ನು ಸುತ್ತಲಿನ ಮರಳಿನ ಸಮೇತ ತೆಗೆಯಿರಿ.

ಮತ್ತೆ ನೆಡುವಾಗ ಗೆಡ್ಡೆಯ ತಲೆ ನೆಲಮಟ್ಟಕ್ಕಿರಲಿ, ಗಿಡದಿಂದ ಗಿಡಕ್ಕೆ ಒಂದಡಿ. ದಂಟು ಎದೆಮಟ್ಟಕ್ಕೂ ಮೀರಿ ಬೆಳೆದು ಬಾಗುವುದರಿಂದ ಗೂಟ, ಹಗ್ಗ ಬೇಕು.

ಹೂವಾದಾಗ ದೊಡ್ಡ ಅಪಾಯ ಕಾಡು ಕ್ಯಾರೆಟ್. ನೊಣ, ಜೇನು, ಕಣಜ ಎಲ್ಲವೂ ಪರಾಗ ಹೊತ್ತು ತರುತ್ತವೆ. ಕಾಡಿನದರ ಬಿಳಿ ಬಣ್ಣ ಪ್ರಬಲ ಗುಣವಾದ್ದರಿಂದ ಬೆರಕೆಯಾದ ಬೀಜ ಬಿತ್ತಿದರೆ ನಾರುನಾರಾದ ಪೇಲವ ಗೆಡ್ಡೆ ಬರುತ್ತದೆ. ಬೇರೆ ತಳಿಯಿಂದಲೂ ಕಾಡಿನದರಿಂದಲೂ ಒಂದು ಕಿಲೋಮೀಟರ್‌ಗೂ ಹೆಚ್ಚು ದೂರವಿರಲಿ. ಅದಾಗದಿದ್ದರೆ ಬಲೆ ಕಟ್ಟಿ ಒಳಗೆ ನೊಣ ಬಿಡಬೇಕು. ಹೂವನ್ನು ಹತ್ತಿರದಿಂದ ನೋಡಿ: ಕೇಸರ ಕಂದಾಗಿ ಮುದುಡಿದ್ದರೆ, ಇಲ್ಲವೇ ಕೇಸರದ ಜಾಗದಲ್ಲಿ ಎಸಳಿನಂಥದೇ ಇದ್ದರೆ ಅದು ಪರಾಗವಿಲ್ಲದ ಗಿಡ. ಹೆಚ್ಚಾಗಿ ಹೈಬ್ರಿಡ್ ಬೀಜದಿಂದ ನುಸುಳುವ ಈ ಗುಣ ತಾಯಿಗಿಡದಿಂದ ಮರಿಗಳಿಗೂ ಬರುವುದರಿಂದ ಅಂಥವನ್ನು ಉಳಿಸಬಾರದು.

ನಡುದಂಟಿನ ಮೊದಲ ಕೊಡೆ (ಕೊಡೆಯಾಕಾರದ ಹೂಗೊಂಚಲು) ಮತ್ತು ಅದರ ಪಕ್ಕದ ಎರಡನೆಯ ಸುತ್ತಿನ ಕೊಡೆಗಳಷ್ಟೇ ಒಳ್ಳೆಯ ಬೀಜಕ್ಕೆ ಸಾಕು. ಆಮೇಲಿನವು ತಡವಾಗಿ ಮಾಗುತ್ತವೆ, ಬೀಜವೂ ಚಿಕ್ಕದು. ಕೊಡೆ ಕಂದಾಗಿ ಹಕ್ಕಿಗೂಡಿನಂತೆ ಒಳಕ್ಕೆ ಮುದುಡಿದಾಗ ಕೊಯ್ದು, ಎರಡು ವಾರ ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ, ಜರಡಿಯ ಮೇಲೆ ಅಂಗೈಯಿಂದ ಉಜ್ಜಿ ಮುಳ್ಳು ಬಿಡಿಸಿ, ಮೊರದಲ್ಲಿ ಕೇರಿ. ತುಂಬಿದಂತೆ ಕಂಡರೂ ಮೊಳೆಯದ ಬೀಜ ಹೆಚ್ಚಿದ್ದರೆ ರಸ ಹೀರುವ ತಿಗಣೆಯ ಕೆಲಸವಿರಬಹುದು. ಅದು ಎಳೆಬೀಜದ ಭ್ರೂಣವನ್ನಷ್ಟೇ ಕೆಡಿಸಿ ಹೊರಮೈಯನ್ನು ಹಾಗೇ ಬಿಡುತ್ತದೆ. ಆದ್ದರಿಂದ ನೂರು ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು ಎರಡು ವಾರಕ್ಕೆ ಎಣಿಸಿ. ಡಬ್ಬಿಯ ಚೀಟಿಯ ಮೇಲೆ ತಳಿ, ವರ್ಷ, ಮೊಳಕೆಯ ಲೆಕ್ಕದ ಜೊತೆಗೆ ಎಷ್ಟು ಗೆಡ್ಡೆಗಳಿಂದ ಬಂದ ಬೀಜ ಎಂಬುದನ್ನೂ ಬರೆಯಿರಿ.