ಟ್ರಾನ್ಸ್‌ಫಾರ್ಮರ್ ಮೂಲೆಯ ಕಸ: ಜೂನ್‌ನಿಂದ ಇಲ್ಲಿಯವರೆಗೆ

ಜೂನ್ 2025

ಬೆಂಗಳೂರು ದಕ್ಷಿಣದ ನಮ್ಮ ಬಡಾವಣೆಯಲ್ಲಿ ಅಡ್ಡರಸ್ತೆ ಮುಖ್ಯರಸ್ತೆಗೆ ಸೇರುವ ಕಡೆ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಪಕ್ಕದಲ್ಲಿ ಖಾಲಿ ಸೈಟು. ಯಾವ ಮನೆಯ ಬಾಗಿಲೂ ಆ ಕಡೆಗಿಲ್ಲ. ಊರಲ್ಲಿ ಬ್ಲ್ಯಾಕ್ ಸ್ಪಾಟ್, ಅಂದರೆ ಜನ ಕಸ ಎಸೆದು ರೂಢಿಯಾದ ಜಾಗ, ಆಗುವುದು ಹೆಚ್ಚಾಗಿ ಇಂಥ ಜಾಗದಲ್ಲೇ. ಪೌರಕಾರ್ಮಿಕರು ಬೆಳಿಗ್ಗೆ ಗುಡಿಸಿ ಎತ್ತುತ್ತಾರೆ. ಸಂಜೆಗೆ ಮತ್ತೆ ರಾಶಿ. ರಾತ್ರಿ ನಾಯಿಗಳು ಕವರ್ ಹರಿದು ರಸ್ತೆ ತುಂಬಾ ಎಳೆದಾಡುತ್ತವೆ.

ಅಕ್ಕಪಕ್ಕದ ಮನೆಯವರು ಕೆಲವರು ಸೇರಿ, ಪೊರಕೆ ಹಿಡಿಯುವ ಮುಂಚೆ ಆ ರಾಶಿಯಲ್ಲಿ ಏನಿದೆ ಅಂತ ನೋಡೋಣ ಅಂದುಕೊಂಡೆವು. ಪೌರಕಾರ್ಮಿಕರ ಮೇಸ್ತ್ರಿಗೆ ಹೇಳಿ, ಟಾರ್ಪಾಲು ಹಾಸಿ, ಗ್ಲೌಸ್ ಹಾಕಿಕೊಂಡು ಒಂದು ದಿನದ ಕಸ ಬಿಡಿಸಿದೆವು. ಗಂಟು ಕಟ್ಟಿದ ಕವರ್‌ಗಳೇ ಜಾಸ್ತಿ. ಒಳಗೆ ಪಾರ್ಸೆಲ್ ಡಬ್ಬ, ಉಳಿದ ಅನ್ನ, ಪ್ಯಾಡು, ಬ್ಲೇಡು ಎಲ್ಲ ಒಟ್ಟಿಗೆ. ಅದರ ಕೆಳಗೆ ಎಳನೀರು ಬುರುಡೆ, ಒಡೆದ ಟೈಲ್ಸು, ಗೋಣಿಚೀಲದಲ್ಲಿ ಕೋಳಿ ಅಂಗಡಿಯ ಪುಕ್ಕ, ಗುಡಿಸಿ ತಂದು ಸುರಿದ ಒಣ ಎಲೆ.

ಅಲ್ಲಿ ಗುಡಿಸುವ ಅಕ್ಕ ನಿಂತು ನೋಡುತ್ತಿದ್ದರು. "ಗುಡಿಸೋದು ನಮ್ ಕೆಲ್ಸ ಮೇಡಂ. ಆದ್ರೆ ಈ ಗಂಟು ಬಿಚ್ಚೋಕೆ ಭಯ ಆಗುತ್ತೆ, ಗಾಜು ಇರುತ್ತೆ," ಅಂದರು. ಗ್ಲೌಸ್ ತೂರಿ ಕೈ ಕುಯ್ದ ಗುರುತು ತೋರಿಸಿದರು. ಈ ಕೆಲಸ ಅರ್ಧಕ್ಕೆ ಬಿಡಬಾರದು ಅಂತ ನನಗೆ ಗಟ್ಟಿಯಾಗಿದ್ದು ಅವತ್ತೇ.

ನಮಗೆ ಗೊತ್ತಾದದ್ದು ಇಷ್ಟು. ರಾಶಿ ಒಂದೇ ಆದರೂ ಪ್ರತಿಯೊಂದು ಕಸ ಬಂದ ದಾರಿ ಬೇರೆ. ಎಲ್ಲದಕ್ಕೂ ಒಂದೇ ಬೋರ್ಡು ಹಾಕಿ ಪ್ರಯೋಜನವಿಲ್ಲ.

ಜುಲೈ

ಕವರ್‌ಗಳಿಂದ ಶುರು ಮಾಡಿದೆವು. ಬೆಳಿಗ್ಗೆ ಸರದಿ ಹಾಕಿಕೊಂಡು ಮೂಲೆಯಲ್ಲಿ ನಿಂತೆವು. ಎಸೆಯುವವರಲ್ಲಿ ಹೆಚ್ಚಿನವರು ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೊರಟವರು. ನಿಲ್ಲಿಸಿ ಜಗಳ ಆಡಲಿಲ್ಲ, "ಎಲ್ಲಿ ಇರೋದು, ನಿಮ್ಮನೆ ಹತ್ರ ಕಸದ ಗಾಡಿ ಬರಲ್ವಾ?" ಅಂತ ಕೇಳಿದೆವು. ಉತ್ತರ ಹೆಚ್ಚುಕಮ್ಮಿ ಒಂದೇ. ಗಾಡಿ ಬರುವುದು ಒಂಬತ್ತರ ಮೇಲೆ, ಇವರು ಎಂಟಕ್ಕೇ ಬೀಗ ಹಾಕಿ ಹೊರಡುತ್ತಾರೆ. ಮೂರನೇ ಮಹಡಿಯ ಬಾಡಿಗೆ ರೂಮಿನವರಿಗೆ ಗಾಡಿಯ ಹಾಡು ಕೇಳುವುದೂ ಇಲ್ಲ. ಕೆಳಗೆ ಡಬ್ಬ ಇಡಲು ಓನರ್ ಬಿಡುವುದಿಲ್ಲ.

ಕಸದ ಗಾಡಿಯ, ಅಂದರೆ ಆಟೋ ಟಿಪ್ಪರ್‌ನ, ಡ್ರೈವರ್ ಜೊತೆ ಕೂತು ಮಾತಾಡಿದಾಗ ಅವರೇ ದಾರಿ ತೋರಿಸಿದರು. ಕೊನೆಗೆ ಬರುತ್ತಿದ್ದ ನಮ್ಮ ಅಡ್ಡರಸ್ತೆಗೆ ಈಗ ಮೊದಲು ಬರುತ್ತಾರೆ. ಮೇಸ್ತ್ರಿಯೂ ಒಪ್ಪಿದರು.

ಓನರ್‌ಗಳದ್ದೇ ಕಷ್ಟ. ಹಸಿ ಕಸಕ್ಕೆ ಹಸಿರು ಡಬ್ಬ, ಸ್ಯಾನಿಟರಿ ಕಸಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಒಂದು ಚೀಲ ಅಂತ ಹೈಕೋರ್ಟ್ 2015ರಲ್ಲೇ ಹೇಳಿದೆ. ಅದನ್ನು ಹೇಳಿದರೆ "ಟ್ಯಾಕ್ಸ್ ಕಟ್ತೀವಲ್ಲ, ಅವ್ರೇ ತಗೊಂಡ್ ಹೋಗ್ಲಿ" ಅನ್ನುತ್ತಿದ್ದರು. ಆಗ ನಾನು ಬೆಂಗಳೂರಿನ ಕಸ ಸುರಿಯುತ್ತಿದ್ದ ಹೊರವಲಯದ ಹಳ್ಳಿಗಳಾದ ಮಾವಳ್ಳಿಪುರ, ಮಂಡೂರಿನ ಕತೆ ಹೇಳುತ್ತಿದ್ದೆ. ನಾವು ಕಳಿಸಿದ ಬೆರಕೆ ಕಸದಿಂದ ಆ ಊರಿನವರ ನೀರು, ಗಾಳಿ ಎರಡೂ ಕೆಟ್ಟವು. ಅವರು ತಿರುಗಿಬಿದ್ದ ಮೇಲೆ 2012ರಲ್ಲಿ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತಿತು, 2014ರ ಕೊನೆಗೆ ಮಂಡೂರಿಗೂ. 2012ರಲ್ಲಿ ನಮ್ಮ ಬೀದಿಗಳಲ್ಲೇ ಕಸ ಕೊಳೆತದ್ದು ಹಳಬರಿಗೆ ನೆನಪಿದೆ. ಇದನ್ನು ಕೇಳಿದ ಮೇಲೆ ಮೂರು ಕಟ್ಟಡದವರು ಮೆಟ್ಟಿಲ ಕೆಳಗೆ ಡಬ್ಬ ಇಟ್ಟರು. ಒಂದು ಪಿಜಿಯವರೂ ಇಟ್ಟರು.

ಆಗಸ್ಟ್

ಕವರ್ ಕಡಿಮೆಯಾದ ಮೇಲೆ ಬಣ್ಣಕ್ಕೆ ಕೈ ಹಾಕಿದೆವು. 'ದಿ ಅಗ್ಲಿ ಇಂಡಿಯನ್' ಗುಂಪಿನವರು 2010ರಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ಶುರು ಮಾಡಿ ಊರಿಗೆಲ್ಲ ಕಲಿಸಿದ ಕೆಲಸ ಇದು. ಹೆಸರು ಹೇಳಿಕೊಳ್ಳದೆ, ಭಾಷಣ ಇಲ್ಲದೆ, ಬಂದು ಜಾಗ ಸರಿ ಮಾಡುವುದು. ಕಾಂಪೌಂಡಿಗೆ ಮೇಲೆ ಬಿಳಿ, ಕೆಳಗೆ ರೆಡ್ ಆಕ್ಸೈಡ್ ಪಟ್ಟಿ. ಕೆಳಗಿನ ಕೆಂಪಿನಿಂದ ಮಳೆಯ ಕೆಸರು, ಎಲೆಅಡಿಕೆ ಕಲೆ ಅಷ್ಟಾಗಿ ಕಾಣುವುದಿಲ್ಲ. ಕಿತ್ತುಹೋಗಿದ್ದ ಫುಟ್‌ಪಾತ್ ಚಪ್ಪಡಿ ಕೂರಿಸಿ, ಒಂದು ಕಲ್ಲುಬೆಂಚು ಹಾಕಿಸಿದೆವು. ಟ್ರಾನ್ಸ್‌ಫಾರ್ಮರ್ ಬೇಲಿಯ ಹತ್ತಿರ ಏನೂ ಇಟ್ಟಿಲ್ಲ, ಕುಂಡ ಕೂಡ.

ದೇವರ ಟೈಲ್ಸ್ ಅಂಟಿಸೋಣ ಅಂತ ಕೆಲವರು ಹೇಳಿದರು. ನಾನು ಬೇಡ ಅಂದೆ. ಜನ ಅದರ ಪಕ್ಕದಲ್ಲೇ ಎರಡಡಿ ಬಿಟ್ಟು ಹಾಕುವುದನ್ನು ಬೇರೆ ಬೀದಿಗಳಲ್ಲಿ ನೋಡಿದ್ದೇನೆ. ಆಮೇಲೆ ಆ ದೇವರನ್ನು ಅಲ್ಲಿ ನೋಡಲಾಗುವುದಿಲ್ಲ. ಬೆಂಚಿನ ಮೇಲೆ ಸಂಜೆ ಇಬ್ಬರು ಅಜ್ಜಂದಿರು ಕೂತರೆ ಸಾಕು, ಕವರ್ ಎಸೆಯಲು ಯಾರಿಗೂ ಕೈ ಬರುವುದಿಲ್ಲ.

ಸೆಪ್ಟೆಂಬರ್

ಎಳನೀರಿನವರು ಮಾತಿಗೆ ಬೇಗ ಒಪ್ಪಿದರು. ಬುರುಡೆಯಲ್ಲಿ ಮಳೆನೀರು ನಿಂತು ಸೊಳ್ಳೆ ಆಗುತ್ತದೆ ಅಂತ ಅವರಿಗೂ ಗೊತ್ತು, ಅವರ ಮಗುವಿಗೇ ಡೆಂಗಿ ಬಂದಿತ್ತಂತೆ. ಈಗ ಚೀಲ ಇಟ್ಟುಕೊಂಡು ಟಿಪ್ಪರ್‌ಗೆ ಕೊಡುತ್ತಾರೆ. ಕೋಳಿ ಅಂಗಡಿಯವರ ಹತ್ತಿರ ಮೇಸ್ತ್ರಿಯೇ ಮಾತಾಡಿದರು, ಅಲ್ಲಿಗೆ ಬೇರೆ ಗಾಡಿ ಗೊತ್ತಾಯಿತು.

ಬಗ್ಗದೇ ಇರುವುದು ಡೆಬ್ರಿಸ್, ಅಂದರೆ ಕಟ್ಟಡ ಒಡೆದ ಮಣ್ಣು, ಕಲ್ಲು, ಟೈಲ್ಸು. ಮನೆ ರಿಪೇರಿ ಮಾಡಿಸುವವರು ಗಾರೆ ಕೆಲಸದವರಿಗೆ "ಎತ್ತಾಕ್ಬಿಡಿ" ಅಂತ ಒಂದಿಷ್ಟು ದುಡ್ಡು ಕೊಡುತ್ತಾರೆ. ಎಲ್ಲಿಗೆ ಅಂತ ಕೇಳುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಗೂಡ್ಸ್ ಆಟೋ ಬರುತ್ತದೆ, ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಡೆಬ್ರಿಸನ್ನು ಪುಡಿ ಮಾಡಿ ಮರಳು, ಜೆಲ್ಲಿ ಮಾಡುವ ಘಟಕ ಚಿಕ್ಕಜಾಲದಲ್ಲಿದೆ. ಆದರೆ ಅದು ಊರಿನ ಉತ್ತರದ ತುದಿ. ನಮ್ಮ ಕಡೆಯಿಂದ ಅಲ್ಲಿಗೆ ಹೋಗುವ ಡೀಸೆಲ್ ಖರ್ಚು ಯಾರು ಕೊಡಬೇಕು? ಕಟ್ಟಡ ತ್ಯಾಜ್ಯದ ನಿಯಮದ ಪ್ರಕಾರ ಒಡೆದ ಮಣ್ಣು, ಕಲ್ಲನ್ನು ಮನೆಯವರೇ ತಮ್ಮ ಜಾಗದಲ್ಲಿ ಬೇರೆಯಾಗಿ ಇಟ್ಟು ಸರಿಯಾದ ಕಡೆಗೆ ಸಾಗಿಸಬೇಕು. ಹಾಗಾಗಿ ಯಾವ ಮನೆ ಮುಂದೆ ಸಿಮೆಂಟ್ ಇಳಿದರೂ ನಾವು ಮೊದಲೇ ಹೋಗಿ, ಡೆಬ್ರಿಸ್ ಎಲ್ಲಿಗೆ ಹೋಗುತ್ತೆ ಅಂತ ಕೇಳುತ್ತಿದ್ದೇವೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಅಕ್ಟೋಬರ್

ಆಯುಧ ಪೂಜೆಯ ಮಾರನೇ ದಿನದ ಬಗ್ಗೆ ನನಗೆ ತುಂಬಾ ಆತಂಕ ಇತ್ತು. ಬಾಳೆಕಂದು, ಒಡೆದ ಬೂದುಗುಂಬಳ, ಹೂವಿನ ಹಾರ ಎಲ್ಲ ಬೀದಿ ಮೂಲೆಗೇ ಬರುತ್ತದೆ ಅಲ್ವಾ. ಈ ಸಲ ಗ್ಯಾರೇಜು, ಅಂಗಡಿಗಳಿಗೆ ಮುಂಚೆಯೇ ಹೇಳಿ, ಹಿಂದಿನ ಬೀದಿಯ ಹಸು ಸಾಕಿದವರಿಗೆ ಬಾಳೆಕಂದು ಕೊಡಿಸಿದೆವು. ಹೂವು, ಎಲೆ ಪಾರ್ಕಿನ ಗೊಬ್ಬರದ ಗುಂಡಿಗೆ ಹೋಯಿತು. ಮೂಲೆಗೆ ಬಂದದ್ದು ಬರೀ ಕುಂಬಳಕಾಯಿ ಚೂರು.

ತಿಂಗಳ ಕೊನೆಗೆ, ಬೀದಿಯಲ್ಲಿ ಕಸ ಎಸೆದವರ ಮನೆ ಮುಂದೆಯೇ ಅಧಿಕಾರಿಗಳು ಕಸ ಸುರಿಸಿದ ಸುದ್ದಿ ಊರೆಲ್ಲ ಓಡಾಡಿತು. ನಮ್ಮ ಗುಂಪಿನಲ್ಲಿ ಹಲವರು ಖುಷಿಪಟ್ಟರು. ನನಗೆ ಸರಿ ಅನ್ನಿಸಲಿಲ್ಲ. ಸುರಿದ ಆ ಕಸವನ್ನು ಮತ್ತೆ ಎತ್ತುವುದು ಪೌರಕಾರ್ಮಿಕರೇ. ದಂಡ ಹಾಕಲಿ, ಅದರಲ್ಲೂ ಡೆಬ್ರಿಸ್ ಗಾಡಿಗೆ ಬಲವಾಗಿ ಹಾಕಲಿ. ಆದರೆ ಗಾಡಿ ಸಿಗದ ಬಾಡಿಗೆ ಹುಡುಗನನ್ನು ಅವಮಾನ ಮಾಡಿದರೆ ಅವನು ಇನ್ನೊಂದು ಮೂಲೆ ಹುಡುಕಿಕೊಳ್ಳುತ್ತಾನೆ ಅಷ್ಟೆ.

ನವೆಂಬರ್

ಮೂಲೆ ಈಗ ಹೆಚ್ಚಿನ ದಿನ ಖಾಲಿ. ಭಾನುವಾರ ರಾತ್ರಿ ಮಾತ್ರ ಇನ್ನೂ ಒಂದಿಷ್ಟು ಕವರ್ ಬೀಳುತ್ತವೆ. ಡೆಬ್ರಿಸ್ ನಮ್ಮ ಮೂಲೆ ಬಿಟ್ಟು ಹಿಂದಿನ ರಾಜಕಾಲುವೆ ಬದಿಗೆ ಹೋಗಿದೆ. ಅಲ್ಲಿ ತುಂಬಿದರೆ ಮುಂದಿನ ಮಳೆಗೆ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ. ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದಮೇಲೆ ಅಲ್ಲಿನ ಜವಾಬ್ದಾರಿ ಯಾರ ಮೇಜಿನ ಮೇಲಿದೆ ಅಂತ ಹುಡುಕುತ್ತಿದ್ದೇವೆ. ಕಾಲುವೆಗೆ ಗೂಡ್ಸ್ ಆಟೋ ಇಳಿಯುವ ದಾರಿ ಒಂದೇ. ಅಲ್ಲಿ ಕಲ್ಲುಕಂಬ ನೆಡಿಸಿ ಅಂತ ಅರ್ಜಿ ಬರೆದು, ಕಾಲುವೆ ಪಕ್ಕದ ಮನೆಯವರಿಂದ ಸಹಿ ಹಾಕಿಸುತ್ತಿದ್ದೇವೆ.