ಟೈಟಾನಿಕ್: ಸತ್ತವರ ದರ್ಜೆ, ವಿಧವೆಯರ ದರ್ಜೆ

ನಾನು ಈಗ ನೆಲೆಸಿರುವ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದಲೇ 1912ರ ಏಪ್ರಿಲ್ 10ರಂದು ಟೈಟಾನಿಕ್ ಹಡಗು ಹೊರಟಿತ್ತು. 'ಹೆಂಗಸರು, ಮಕ್ಕಳು ಮೊದಲು' ಎಂಬ, ಹಡಗು ಮುಳುಗಿದ ರಾತ್ರಿಯ ಆಜ್ಞೆ ನಮ್ಮೂರುಗಳಲ್ಲಿಯೂ ಹಲವರಿಗೆ ಗೊತ್ತು; ಅದು ಯಾವ ಹೆಂಗಸರಿಗೆ, ಯಾರ ಮಕ್ಕಳಿಗೆ ಸಂದಿತು ಎಂಬುದನ್ನು ಬ್ರಿಟಿಷ್ ವಿಚಾರಣೆಯ ಅಂಕಿಗಳು ತೋರಿಸುತ್ತವೆ. ಮೊದಲ ದರ್ಜೆಯ 144 ಹೆಂಗಸರಲ್ಲಿ 140 ಮಂದಿ ಬದುಕಿದರು. ಮೂರನೆಯ ದರ್ಜೆಯ 165 ಹೆಂಗಸರಲ್ಲಿ ಬದುಕಿದವರು 76. ಎರಡನೆಯ ದರ್ಜೆಯ 24 ಮಕ್ಕಳೂ ಉಳಿದರೆ, ಮೂರನೆಯ ದರ್ಜೆಯ 79 ಮಕ್ಕಳಲ್ಲಿ 52 ಮಕ್ಕಳು ತೀರಿಕೊಂಡರು. ಮೊದಲ ದರ್ಜೆಯ ಗಂಡಸರಲ್ಲಿ ಸುಮಾರು ಮೂರನೆಯ ಒಂದು ಪಾಲು ಉಳಿದರು. ಬಡವರ ಮಕ್ಕಳಲ್ಲಿ ಉಳಿದ ಪಾಲೂ ಹೆಚ್ಚುಕಡಿಮೆ ಅಷ್ಟೇ. ಈ ಒಂದು ಹೋಲಿಕೆಯನ್ನು ನನ್ನಿಂದ ಮರೆಯಲಾಗುತ್ತಿಲ್ಲ.

ಅಮೆರಿಕದ ವಲಸೆ ಕಾನೂನಿನ ಪ್ರಕಾರ ಮೂರನೆಯ ದರ್ಜೆಯವರನ್ನು ಬೇರೆಯಾಗಿಯೇ ಇರಿಸಬೇಕಿತ್ತು, ಮತ್ತು ಜೀವರಕ್ಷಕ ದೋಣಿಗಳಿದ್ದ ಮೇಲಟ್ಟಕ್ಕೆ ಅವರು ಗೊತ್ತಿಲ್ಲದ ದಾರಿಗಳನ್ನು ಹುಡುಕಿಕೊಂಡು ಹತ್ತಬೇಕಿತ್ತು. ಲಾರ್ಡ್ ಮರ್ಸಿಯವರು ನಡೆಸಿದ ಆ ಬ್ರಿಟಿಷ್ ವಿಚಾರಣೆ, ಆ ದರ್ಜೆಯ ಒಬ್ಬ ಪ್ರಯಾಣಿಕರ ಸಾಕ್ಷ್ಯವನ್ನೂ ಕೇಳದೆ, ಅವರಿಗೆ ಅನ್ಯಾಯವಾಗಿಲ್ಲವೆಂದು ತೀರ್ಮಾನಿಸಿತು.

ಈ ಊರಿನ ಸಂಕಟವೇ ಬೇರೆ, ಏಕೆಂದರೆ ಹಡಗಿನ ಸಿಬ್ಬಂದಿಯಲ್ಲಿ ಹೆಚ್ಚಿನವರು ಇಲ್ಲಿ ಮನೆ ಮಾಡಿಕೊಂಡಿದ್ದವರು. ಸೀಸಿಟಿ ವಸ್ತುಸಂಗ್ರಹಾಲಯದಲ್ಲಿ ಊರಿನ ದೊಡ್ಡ ನಕ್ಷೆಯ ಮೇಲೆ, ಸತ್ತ ಸಿಬ್ಬಂದಿಯ ಮನೆಗಳನ್ನು ಕೆಂಪು ಚುಕ್ಕಿಗಳಿಂದ ಗುರುತಿಸಿದ್ದಾರೆ. ಬಾಯ್ಲರುಗಳಿಗೆ ಕಲ್ಲಿದ್ದಲು ತುಂಬುತ್ತಿದ್ದವರು ವಾಸವಿದ್ದ ನಾರ್ತಮ್ ಬಡಾವಣೆಯಲ್ಲಿ ಆ ಚುಕ್ಕಿಗಳು ಒತ್ತೊತ್ತಾಗಿವೆ. ಹಡಗು ಮುಳುಗಿದ ದಿನಕ್ಕೇ ಅವರ ಸಂಬಳ ನಿಂತಿತು. ಆಮೇಲೆ ಅವರ ಹೆಂಡತಿಯರ ಕೈಗೆ ಸಾರ್ವಜನಿಕರು ಕೊಟ್ಟ ಪರಿಹಾರ ನಿಧಿಯಿಂದ ವಾರದ ಹಣ ಬರುತ್ತಿತ್ತು, ಮತ್ತು ಅದನ್ನೂ ಗಂಡನ ಹುದ್ದೆಯನ್ನು ನೋಡಿ ವರ್ಗ ವಿಂಗಡಿಸಿ ಹಂಚಲಾಯಿತು: ಅಧಿಕಾರಿಯ ವಿಧವೆಗೆ ವಾರಕ್ಕೆ 2 ಪೌಂಡ್, ಕಲ್ಲಿದ್ದಲು ತುಂಬುತ್ತಿದ್ದವನ ವಿಧವೆಗೆ 12 ಶಿಲಿಂಗ್ 6 ಪೆನ್ಸ್ (ಆಗ ಒಂದು ಪೌಂಡಿಗೆ 20 ಶಿಲಿಂಗ್, ಒಂದು ಶಿಲಿಂಗಿಗೆ 12 ಪೆನ್ಸ್), ಅಂದರೆ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಕೊಟ್ಟವರು ಇಂಥ ವಿಧವೆಗೆ ಇಷ್ಟು ಎಂದು ಅಳೆದು ಕೊಟ್ಟಿದ್ದರೆಂದು ನಾನು ನಂಬಲಾರೆ.

ಹಣದ ಜೊತೆಗೆ ಕಾವಲೂ ಬಂತು. ನಿಧಿಯವರು ನೇಮಿಸಿದ ಮಹಿಳೆಯೊಬ್ಬರು ಮನೆಮನೆಗೆ ಹೋಗಿ ವಿಧವೆಯರ ಯೋಗಕ್ಷೇಮವನ್ನೂ ನಡತೆಯನ್ನೂ ವಿಚಾರಿಸುತ್ತಿದ್ದರು, ಮತ್ತು ಕುಡಿತದಂಥ ದೂರು ಬಂದರೆ ಹಣವನ್ನು ತಡೆಹಿಡಿಯಬಹುದಾಗಿತ್ತು. ಗಂಡ ದುಡಿಯುತ್ತಲೇ ಸತ್ತಿದ್ದರೂ, ಅವನ ಹೆಂಡತಿ ತಾನು ಯೋಗ್ಯಳೆಂದು ವಾರವಾರವೂ ರುಜುವಾತು ಮಾಡುತ್ತಿರಬೇಕಾಯಿತು.